ಗುರುತಮ್ಮನೂ ನಲವತ್ತೊಂದನೆಯ ಸಾಲೂ

"ಏನೋ ತಪ್ಪಾಗಿದೆ" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಗುರುತಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಮಾತನ್ನು ಬ್ಯಾಂಕಿನ ಯಂತ್ರ ಆಡಿದರೂ ಅಷ್ಟೇ, ಕಟ್ಟಿಕೊಂಡ ಗಂಡ ಆಡಿದರೂ ಅಷ್ಟೇ. ಗಂಡ ಬಟ್ಟೆ ಒಗೆಯುವ ಕಾರ್ಖಾನೆಯೊಂದರ ವ್ಯಾನು ಓಡಿಸುವವನು; ಮಾತಿನಲ್ಲಿ ಧಾರಾಳಿ, ವಿವರದಲ್ಲಿ ಜುಗ್ಗ. "ವ್ಯಾನಲ್ಲಿ ಏನೋ ಸದ್ದು ಬರ್ತಿದೆ ಕಣೇ" ಎಂದನೋ, ಕೆಟ್ಟ.

"ಏನೋ ಅಂದ್ರೆ ಏನ್ರೀ? ಮುಂದಿನ ಚಕ್ರದ್ದೋ ಹಿಂದಿನದೋ? ಬ್ರೇಕ್ ಹಾಕಿದಾಗಲೋ, ತಿರುಗಿಸಿದಾಗಲೋ? ಖಾಲಿ ಇದ್ದಾಗಲೂ ಬರುತ್ತಾ?"

"ಸದ್ದೇ ಬರ್ತಿಲ್ಲ ಬಿಡು ತಾಯಿ" ಎಂದು ಅವನು ಚಹಾದ ಲೋಟ ಹಿಡಿದು ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ.

ಈ ಗುಣ ಹುಟ್ಟಿನಿಂದಲೇ ಬಂದದ್ದು. ಒಂಬತ್ತು ವರ್ಷದವಳಿದ್ದಾಗ ಶಾಲೆಯ ಮೇಷ್ಟ್ರು ಅವಳ ಲೆಕ್ಕದ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು "ತಪ್ಪು" ಎಂದು ಬರೆದಿದ್ದರು. ಬೇರೆ ಮಕ್ಕಳಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದರು. ಇವಳು ಸಂಜೆ ಮೇಷ್ಟ್ರ ಮನೆಯ ಬಾಗಿಲು ಬಡಿದು, "ಎಲ್ಲಿ ತಪ್ಪು ಸಾರ್? ಯಾವ ಸಾಲಲ್ಲಿ?" ಎಂದು ನಿಂತಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಹುಡುಕಿದರು, ಕೆಳಗಿನಿಂದ ಮೇಲೆ ಹುಡುಕಿದರು. ಕೊನೆಗೆ ತಪ್ಪು ಸಿಕ್ಕಿತು: ಹಲಗೆಯ ಮೇಲೆ ಪ್ರಶ್ನೆ ಬರೆಯುವಾಗ ಮೇಷ್ಟ್ರೇ ಏಳನ್ನು ಒಂದು ಮಾಡಿದ್ದರು. ಆವತ್ತು ಅವಳಿಗೆ ಮೇಷ್ಟ್ರ ಹೆಂಡತಿ ಒಂದು ಬಾಳೆಹಣ್ಣು ಕೊಟ್ಟು ಕಳಿಸಿದರಂತೆ. ಆ ಬಾಳೆಹಣ್ಣಿನ ರುಚಿ ನಲವತ್ತೇಳನೆಯ ವಯಸ್ಸಿನಲ್ಲೂ ಅವಳ ನಾಲಿಗೆಯ ಮೇಲಿತ್ತು.

ಹೀಗಿದ್ದವಳು ಹೊಟ್ಟೆಪಾಡಿಗೂ ಅದನ್ನೇ ಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಚಪ್ಪಲಿ ಅಂಗಡಿಯೊಂದರ ಮೇಲಿನ ಮೂರು ಕೋಣೆಗಳಲ್ಲಿ ಅವಳ ಕಚೇರಿ. ಮೆಟ್ಟಿಲು ಹತ್ತುವಾಗ ತೊಗಲಿನ ವಾಸನೆ, ಅಂಟಿನ ವಾಸನೆ. ಮೇಲೆ ಹೋದರೆ ಕಿಟಕಿಯ ಪಕ್ಕ ಒಂದು ಮೇಜು, ಕಂಪ್ಯೂಟರಿನ ಎರಡು ಪರದೆ, ಕಾಲು ಸಮ ಇಲ್ಲದ ಕುರ್ಚಿ. ಕುರ್ಚಿಯ ಯಾವ ಕಾಲು ಎಷ್ಟು ಗಿಡ್ಡ ಎಂಬುದನ್ನು ಅವಳು ಅಳೆದು ಗೊತ್ತುಮಾಡಿಕೊಂಡಿದ್ದಳು. ರಿಪೇರಿ ಮಾತ್ರ ಮಾಡಿಸಿರಲಿಲ್ಲ. ಎಲ್ಲಿ ತಪ್ಪಿದೆ ಎಂದು ತಿಳಿದ ಮೇಲೆ ಅವಳಿಗೆ ಅರ್ಧ ಸಮಾಧಾನವಾಗಿಬಿಡುತ್ತಿತ್ತು.

ಕೆಲಸ ಏನಪ್ಪಾ ಎಂದರೆ, ಗಂಡ ವ್ಯಾನು ಓಡಿಸುತ್ತಿದ್ದ ಅದೇ ಕಾರ್ಖಾನೆಯ ಆರು ದೊಡ್ಡ ಒಗೆಯುವ ಯಂತ್ರಗಳಿಗೆ ಬುದ್ಧಿ ಹೇಳುವುದು. ಬಟ್ಟೆಯ ವಿಷಯ ಬಟ್ಟೆಯವರಿಗೇ ಗೊತ್ತು, ಹಾಗಾಗಿ ಒಗೆತದ ನಿಯಮಗಳನ್ನು ಅವರೇ ಒಂದು ಪಟ್ಟಿಯಲ್ಲಿ ಬರೆಯುತ್ತಿದ್ದರು, ನಮ್ಮ ನಿಮ್ಮಂತೆ ಸಾದಾ ಮಾತಿನಲ್ಲಿ, ಒಂದು ಸಾಲಿಗೆ ಒಂದು ನಿಯಮ, ಪಕ್ಕದಲ್ಲಿ ಬರೆದವರ ಹೆಸರು. ಗುರುತಮ್ಮನ ಪ್ರೋಗ್ರಾಂ ಆ ಪಟ್ಟಿಯನ್ನು ಓದಿ, ತಾನೇ ತಾನಾಗಿ ಬೈಟ್‌ಕೋಡ್ ತಯಾರಿಸುತ್ತಿತ್ತು. ಬೈಟ್‌ಕೋಡ್ ಎಂದರೆ ಗಾಬರಿ ಬೇಡ. ಯಂತ್ರದ ಪುಟ್ಟ ತಲೆಗೆ ಹಿಡಿಸುವ ಪುಟ್ಟ ಪುಟ್ಟ ಆಜ್ಞೆಗಳು ಅಷ್ಟೇ: ಇದನ್ನು ಎತ್ತಿಕೋ, ಅದರಿಂದ ಭಾಗಿಸು, ಅಲ್ಲಿಗೆ ಹೋಗು. ಒಂದು ನಿಯಮಕ್ಕೆ ಇಂಥವು ಹತ್ತಾದಾವು, ನಲವತ್ತಾದಾವು. ಯಾರೂ ಕೈಯಾರೆ ಬರೆಯದ, ಯಾರೂ ಕಣ್ಣಾರೆ ಓದದ ಬರಹ ಅದು.

ತೊಂದರೆ ಇದ್ದದ್ದೂ ಅಲ್ಲೇ. ಯಂತ್ರ ಮಧ್ಯದಲ್ಲಿ ಕೈಕೊಟ್ಟರೆ ಪರದೆಯ ಮೇಲೆ "ತಪ್ಪಾಗಿದೆ. ಸಾಲು: ತಿಳಿದಿಲ್ಲ" ಎಂದು ಬರುತ್ತಿತ್ತು. ಸಾವಿರ ಆಜ್ಞೆಗಳಲ್ಲಿ ಯಾವುದು ಯಾವ ನಿಯಮದಿಂದ ಹುಟ್ಟಿದ್ದೋ ದೇವರಿಗೇ ಗೊತ್ತು. ತನ್ನ ಕೈಯಿಂದಲೇ ಹೊರಟ ಯಂತ್ರ ತನಗೇ "ಏನೋ ತಪ್ಪಾಗಿದೆ" ಎನ್ನುವುದೆಂದರೆ ಗುರುತಮ್ಮನಿಗೆ ಹೇಗಾಗಿರಬೇಡ! ಆರು ವರ್ಷದ ಹಿಂದೆ ಒಂದು ಬೆಳಗ್ಗೆ ತಲೆ ಕೆಟ್ಟು ಕಾರ್ಖಾನೆಗೇ ಹೋದಳು.

ಅಲ್ಲಿ ಅವಳಿಗೆ ಸಿಕ್ಕವರು ಮೇಸ್ತ್ರಿ. ಆಗಲೇ ಇಪ್ಪತ್ತೈದು ವರ್ಷದಿಂದ ಒಗೆತದ ಉಸ್ತುವಾರಿ ಅವರದೇ. ಎತ್ತರದ ಆಳು, ನೀರಲ್ಲಿ ನೆಂದು ನೆಂದು ಬೆಳ್ಳಗಾದ ಬೆರಳು, ಕಿವಿಯ ಹಿಂದೆ ಸದಾ ಒಂದು ಶಾಯಿಯ ಪೆನ್ನು. ಟವೆಲುಗಳನ್ನು ಗಟ್ಟಿಯಾಗಿ ಎಣಿಸುವುದು ಅವರ ಅಭ್ಯಾಸ, ಪಕ್ಕದಲ್ಲಿ ಸಿಡಿಲು ಬಿದ್ದರೂ ಎಣಿಕೆ ತಪ್ಪುತ್ತಿರಲಿಲ್ಲ. ಗುರುತಮ್ಮ ತನ್ನ ಗೋಳು ಹೇಳಿಕೊಂಡಳು. ಮೇಸ್ತ್ರಿ ಅರವತ್ತೆಂಟಕ್ಕೆ ನಿಲ್ಲಿಸಿ, ಒಂದು ಅಂಗಿ ಎತ್ತಿ ಕಾಲರನ್ನು ಹಿಂದೆ ಮಡಿಸಿ ತೋರಿಸಿದರು. ಒಳಗಡೆ ಸಾಸಿವೆ ಗಾತ್ರದ ಕಪ್ಪು ಗುರುತು.

"ಇನ್ನೂರು ಮನೆ ಬಟ್ಟೆ ಒಂದೇ ನೀರಿಗೆ ಬೀಳುತ್ತಮ್ಮ. ಒಗೆದ ಮೇಲೆ ಎಲ್ಲಾ ಬಿಳಿ ಅಂಗಿ ಒಂದೇ ಮುಖ. ಈ ಗುರುತು ಇರೋದ್ರಿಂದಲೇ ಅವರವರ ಮನೆಗೆ ಹೋಗಿ ಸೇರುತ್ತೆ. ಹಾಕಿಕೊಂಡವರಿಗೆ ಚುಚ್ಚಲ್ಲ, ನೋಡಿದವರಿಗೆ ಕಾಣಲ್ಲ, ಒಗೆದ್ರೆ ಹೋಗಲ್ಲ. ನಿನ್ನ ಆಜ್ಞೆಗಳಿಗೂ ಒಂದೊಂದು ಚುಕ್ಕೆ ಇಟ್ಟುಬಿಡು."

"ಅರವತ್ತೊಂಬತ್ತು" ಎಂದು ಮೇಸ್ತ್ರಿ ಮತ್ತೆ ಎಣಿಕೆಗೆ ಇಳಿದರು.

ಇಂಥ ವ್ಯವಸ್ಥೆಗೆ ಡೀಬಗ್ ಮಾಹಿತಿ ಎನ್ನುತ್ತಾರೆಂದು ಗುರುತಮ್ಮನಿಗೆ ತಿಳಿಯದ್ದೇನಲ್ಲ. ಪುಸ್ತಕದಲ್ಲಿ ಓದಿದ್ದಳು, ಮುಂದೆ ನೋಡೋಣ ಎಂದು ಬಿಟ್ಟಿದ್ದಳು. ಪುಸ್ತಕ ಹೇಳಿದ್ದು ತಲೆಗೆ ಹೋಗಿತ್ತು, ಮೇಸ್ತ್ರಿ ಹೇಳಿದ್ದು ಎದೆಗೆ ಹೋಯಿತು. ತಿಂಗಳೊಳಗೆ ಪ್ರತಿ ಆಜ್ಞೆಯ ಬೆನ್ನಿಗೂ ಅದು ಹುಟ್ಟಿದ ಸಾಲಿನ ಸಂಖ್ಯೆ ಅಂಟಿಕೊಂಡಿತು. ಯಂತ್ರ ನಿಂತರೆ ಪರದೆ ಈಗ "ಸಾಲು 88, ನೀರಿನ ಬಿಸಿ ಬರೆದಿಲ್ಲ" ಎಂದು ನೆಟ್ಟಗೆ ಹೇಳುತ್ತಿತ್ತು. ಕಾರ್ಖಾನೆಯವರು ಕುಣಿದಾಡಿದರು. ಅವಳಿಗೆ ಗುರುತಮ್ಮ ಎಂದು ಹೆಸರಿಟ್ಟದ್ದು ಮೇಸ್ತ್ರಿಯೇ. ಗಂಡನೂ ಅಂದಿನಿಂದ ಹಾಗೆಯೇ ಕರೆಯತೊಡಗಿದ, ಅದೂ ತರಕಾರಿ ಅಂಗಡಿಯ ಮುಂದೆ, ಗಟ್ಟಿಯಾಗಿ.

ಅವತ್ತು ಅವಳು ಒಂದು ಮಾತು ಆಡಿದ್ದಳು. ಮೇಸ್ತ್ರಿ ಪರದೆಯನ್ನು ಅನುಮಾನದಿಂದ ನೋಡುತ್ತಿದ್ದಾಗ, "ಮನುಷ್ಯ ಸುಳ್ಳು ಹೇಳಬಹುದು ಮೇಸ್ತ್ರಿಗಳೇ, ಈ ಸಾಲು ಸುಳ್ಳು ಹೇಳಲ್ಲ" ಎಂದಿದ್ದಳು. ಆಡಿದ ಮಾತು ಬಿಟ್ಟ ಬಾಣ, ಯಾರಿಗೆ ಚುಚ್ಚುತ್ತದೋ ಹೇಳಲಾಗದು.

ಅದು ಚುಚ್ಚಿದ್ದು ಮೊನ್ನೆ ಮೊನ್ನೆ. ಒಂದು ಬುಧವಾರ ಸಂಜೆ ಗುರುತಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಗಂಡ ಬಂದವನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತ.

"ಮೇಸ್ತ್ರಿಗಳನ್ನ ಶನಿವಾರದಿಂದ ಮಡಿಸೋ ಮೇಜಿಗೆ ಹಾಕ್ತಾರಂತೆ. ನಿಯಮದ ಪಟ್ಟಿ ಇನ್ನು ಅವರ ಕೈಯಲ್ಲಿ ಇರಲ್ಲವಂತೆ. ಯಂತ್ರ ಮಾರಿದವರ ಸಿದ್ಧಪಟ್ಟಿಯನ್ನೇ ಹಾಕ್ತಾರಂತೆ."

"ಯಾಕೆ?"

"ಮರೆವು ಬಂದಿದೆಯಂತೆ."

ಸಂಗತಿ ಇಷ್ಟು. ಮೂರು ವಾರದಲ್ಲಿ ಐದು ಸಲ ಮೂರನೆಯ ಯಂತ್ರ ಮಧ್ಯದಲ್ಲೇ ನಿಂತಿತ್ತು. ಪ್ರತಿ ಸಲವೂ ಪರದೆಯ ಮೇಲೆ ಬಂದದ್ದು ಒಂದೇ: "ಸಾಲು 41. ಬಟ್ಟೆಯ ಎಣಿಕೆ ಸೊನ್ನೆ. ನಿಯಮ ಬರೆದವರು: ಮೇಸ್ತ್ರಿ." ನಲವತ್ತೊಂದನೆಯ ಸಾಲು ಮೇಸ್ತ್ರಿಯದು, ಹೋಟೆಲಿನ ಬಿಳಿ ಟವೆಲಿನದು. ಇರುವ ನೀರನ್ನು ಟವೆಲುಗಳ ಎಣಿಕೆಯಿಂದ ಭಾಗಿಸು, ಒಂದೊಂದಕ್ಕೆ ಸಿಗುವ ನೀರು ಕಡಿಮೆಯಾದರೆ ಇನ್ನೊಮ್ಮೆ ಜಾಲಿಸು ಎಂಬ ನಿಯಮ. ಎಣಿಕೆ ಸೊನ್ನೆಯಾದರೆ ಭಾಗಿಸುವುದು ಹೇಗೆ? ಯಂತ್ರ ಕೈಚೆಲ್ಲಿ ನಿಲ್ಲುತ್ತಿತ್ತು. ನಿಂತೊಡನೆ ಪರದೆಯ ಅಂಕಿಗಳೆಲ್ಲ ಅಳಿಸಿಹೋಗುತ್ತಿದ್ದುದರಿಂದ ಮೇಸ್ತ್ರಿ ಎಣಿಸಿದ ಅಂಕಿಯನ್ನು ಯಂತ್ರದಲ್ಲಿ ಒತ್ತಿದ್ದರೋ ಇಲ್ಲವೋ ಎಂದು ಆಮೇಲೆ ತಿಳಿಯುವಂತಿರಲಿಲ್ಲ. ಎಣಿಸಲು ಮರೆತಿದ್ದಾರೆ ಎಂದು ಎಲ್ಲರೂ ತೀರ್ಮಾನಿಸಿದರು.

"ಮೇಸ್ತ್ರಿಗಳು ಏನಂದ್ರು?"

"ಅದೇ ನೋಡು ಬೇಜಾರು. ಜಗಳ ಆಡಿದ್ರೆ ಚೆನ್ನಾಗಿರ್ತಿತ್ತು. 'ನಾನು ಎಣಿಸಿದ ಹಾಗೇ ನೆನಪು, ಆದ್ರೆ ಗುರುತಮ್ಮನ ಸಾಲು ಸುಳ್ಳು ಹೇಳಲ್ಲ, ನನ್ನ ತಲೆಯೇ ಹೇಳ್ತಿರಬೇಕು' ಅಂದ್ರು. ಈಗ ಜೇಬಲ್ಲಿ ಗುಂಡಿ ಇಟ್ಟುಕೊಂಡು ತಿರುಗ್ತಾರೆ. ಹತ್ತು ಟವೆಲಿಗೆ ಒಂದು ಗುಂಡಿ, ಈ ಜೇಬಿಂದ ಆ ಜೇಬಿಗೆ. ಮರೆತುಹೋಗಬಾರದು ಅಂತ."

ಗುರುತಮ್ಮ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. ಕಣ್ಣಲ್ಲಿ ನೀರು ಬಂದಿತ್ತು, ಈರುಳ್ಳಿಯ ಮೇಲೆ ಹಾಕುವಂತಿತ್ತು. ಮೂವತ್ತೊಂದು ವರ್ಷ ತಪ್ಪದ ಎಣಿಕೆಯನ್ನು ಒಬ್ಬ ಮನುಷ್ಯ ತಾನೇ ನಂಬುವುದನ್ನು ಬಿಟ್ಟಿದ್ದಾನೆ, ಅದೂ ಅವಳ ಮಾತು ಕೇಳಿ.

"ಯಂತ್ರ ನಿಂತದ್ದು ಯಾವ್ಯಾವ ದಿನ?"

ಗಂಡ ಬಾಯಿ ತೆರೆದು "ಯಾವುದೋ" ಎಂದು ಶುರುಮಾಡಿದವನು ಹೆಂಡತಿಯ ಮುಖ ನೋಡಿ ತಡೆದ. ಬೆರಳು ಮಡಿಸಿ ಲೆಕ್ಕ ಹಾಕಿದ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವನು ಕೊಟ್ಟ ಅತ್ಯಂತ ಸ್ಪಷ್ಟ ಉತ್ತರ ಅದು. "ಮಂಗಳವಾರ, ಶುಕ್ರವಾರ, ಮಂಗಳವಾರ, ಶುಕ್ರವಾರ, ನಿನ್ನೆ ಮಂಗಳವಾರ. ನಾನು ವ್ಯಾಯಾಮಶಾಲೆಯಿಂದ ಮೂಟೆ ತರೋ ದಿನಗಳು."

ವ್ಯಾಯಾಮಶಾಲೆ ಹೊಸ ಗಿರಾಕಿ. ಅವರ ಟವೆಲೂ ಬಿಳಿಯದೇ. ಯಂತ್ರ ಅರ್ಧ ಖಾಲಿ ಓಡಬಾರದೆಂದು ಹೋಟೆಲಿನ ಟವೆಲಿನ ಜೊತೆಗೇ ಅವನ್ನೂ ಮೂರನೆಯ ಯಂತ್ರಕ್ಕೆ ತುಂಬುತ್ತಿದ್ದರು. ಐದು ಸಲವೂ ಯಂತ್ರದಲ್ಲಿ ಎರಡೂ ಇದ್ದವು. ಆದರೆ ಪರದೆ ನಲವತ್ತೊಂದು ಎಂದ ಮೇಲೆ ಮೂಟೆಯ ಕಡೆ ಯಾರು ನೋಡುತ್ತಾರೆ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಹೇಳಿದ್ದು ಕಂಪ್ಯೂಟರ್ ಆದರಂತೂ ಹಗ್ಗ ಹಿಡಿದುಕೊಂಡೇ ನಿಂತಿರುತ್ತೇವೆ.

ಗುರುವಾರ ಬೆಳಗ್ಗೆ ಚಪ್ಪಲಿ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಗುರುತಮ್ಮ ಮೇಜಿನ ಮುಂದಿದ್ದಳು. ತಯಾರಾದ ಆಜ್ಞೆಗಳನ್ನೆಲ್ಲ ಕಾಗದಕ್ಕೆ ಇಳಿಸಿಕೊಂಡಳು. ಎಡಕ್ಕೆ ಆಜ್ಞೆ, ಬಲಕ್ಕೆ ಅದರ ಗುರುತು. ನಿಯಮಗಳ ಪಟ್ಟಿಯಲ್ಲಿ ಇನ್ನೂರ ಮೂವತ್ತು ಸಾಲುಗಳಿದ್ದವು. ಪ್ರತಿಯೊಂದೂ ಬಲಗಡೆ ಒಮ್ಮೆಯಾದರೂ ಕಾಣಿಸಬೇಕು. ಅಳತೆಪಟ್ಟಿ ಹಿಡಿದು ಕೆಳಗಿಳಿದಳು. ಇನ್ನೂರ ಒಂಬತ್ತು, ಇನ್ನೂರ ಹತ್ತು, ಇನ್ನೂರ ಹನ್ನೊಂದು, ಇನ್ನೂರ ಹದಿಮೂರು.

ಇನ್ನೂರ ಹನ್ನೆರಡು ಇರಲಿಲ್ಲ. ಮತ್ತೆ ನೋಡಿದಳು. ಇಲ್ಲ. ಪಟ್ಟಿಯಲ್ಲಿ ಮಾತ್ರ ಭದ್ರವಾಗಿ ಕೂತಿತ್ತು: ವ್ಯಾಯಾಮಶಾಲೆಯ ಟವೆಲ್, ನೀರನ್ನು ಎಣಿಕೆಯಿಂದ ಭಾಗಿಸು, ಕಡಿಮೆಯಾದರೆ ಇನ್ನೊಮ್ಮೆ ಜಾಲಿಸು. ಮೊದಲ ಪದ ಬಿಟ್ಟರೆ ನಲವತ್ತೊಂದರ ಅಪ್ಪಟ ನಕಲು. ಯಾರೋ ಮೇಸ್ತ್ರಿಯ ಸಾಲನ್ನೇ ಎತ್ತಿ ಇಲ್ಲಿ ಇಟ್ಟಿದ್ದರು. ಯಾರೆಂದು ಪಕ್ಕದ ಕಾಲಮ್ಮಿನಲ್ಲಿ ಬರೆದಿತ್ತು. ಅದನ್ನು ಓದಿ ಗುರುತಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

ಆದರೆ ಬೈಯಬೇಕಾದ್ದು ಮೊದಲು ತನ್ನನ್ನೇ ಎಂಬುದು ಮರುಕ್ಷಣವೇ ಹೊಳೆಯಿತು. ಎರಡು ತಿಂಗಳ ಹಿಂದೆ ಯಂತ್ರದ ಪುಟ್ಟ ಪೆಟ್ಟಿಗೆಯಲ್ಲಿ ಜಾಗ ಸಾಲದೆ ಬಂದಿತ್ತು. ಆಗ ಅವಳೇ ಒಂದು ಜಾಣತನ ಮಾಡಿದ್ದಳು. ಎರಡು ನಿಯಮಗಳಿಂದ ತದ್ರೂಪ ಆಜ್ಞೆಗಳು ಹುಟ್ಟಿದರೆ ಎರಡು ಸಲ ಯಾಕೆ ಇಡಬೇಕು, ಒಂದೇ ತುಂಡು ಇಟ್ಟು ಇಬ್ಬರೂ ಹಂಚಿಕೊಳ್ಳಲಿ ಎಂದು. ಜಾಗ ಉಳಿಯಿತು, ಎಲ್ಲರೂ ಭೇಷ್ ಎಂದರು, ಅವಳು ಕಚೇರಿಗೆಲ್ಲ ಚಹಾ ಕೊಡಿಸಿದಳು. ಹಂಚಿಕೊಂಡ ಆ ತುಂಡಿನ ಬೆನ್ನಿಗೆ ಯಾರ ಗುರುತು ಎಂಬುದನ್ನು ಯೋಚಿಸಲೇ ಇಲ್ಲ. ಮೊದಲು ಬಂದವರದ್ದು ಉಳಿಯಿತು. ನಲವತ್ತೊಂದು ಮೊದಲು, ಇನ್ನೂರ ಹನ್ನೆರಡು ಆಮೇಲೆ. ಎಣಿಕೆಯೇ ಇಲ್ಲದೆ ಮೂಟೆಗಟ್ಟಲೆ ತೂಗಿ ತಂದ ವ್ಯಾಯಾಮಶಾಲೆಯ ಟವೆಲು ಸೊನ್ನೆಗೆ ತಗುಲಿ ಯಂತ್ರ ನಿಲ್ಲಿಸಿದರೆ, ಹೆಸರು ಬರುತ್ತಿದ್ದದ್ದು ಮೇಸ್ತ್ರಿಯದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಕಾಯಿಸಿ ಕೊಟ್ಟವಳು ಗುರುತಮ್ಮ.

"ಸಾಲು: ತಿಳಿದಿಲ್ಲ" ಎಂದು ಬಂದಿದ್ದರೇ ಎಷ್ಟೋ ಚೆನ್ನಾಗಿತ್ತು ಎಂದು ಜೀವನದಲ್ಲಿ ಮೊದಲ ಬಾರಿಗೆ ಅವಳಿಗೆ ಅನ್ನಿಸಿತು. ಗೊತ್ತಿಲ್ಲ ಎಂದಿದ್ದರೆ ಜನ ಹುಡುಕುತ್ತಿದ್ದರು. ತಪ್ಪು ವಿಳಾಸ ಕೊಟ್ಟದ್ದರಿಂದ ಹುಡುಕುವುದನ್ನೇ ಬಿಟ್ಟರು.

ಮಧ್ಯಾಹ್ನ ಕಾರ್ಖಾನೆಗೆ ಹೋದಾಗ ಮೇಸ್ತ್ರಿ ಆವಿಯ ಕೋಣೆಯ ಪಕ್ಕ ಟವೆಲು ಎಣಿಸುತ್ತಿದ್ದರು. ಗಟ್ಟಿಯಾಗಿ ಅಲ್ಲ, ತುಟಿಯಲ್ಲೇ. ಹತ್ತಾಗುತ್ತಲೇ ಎಡ ಜೇಬಿಂದ ಒಂದು ಗುಂಡಿ ತೆಗೆದು ಬಲ ಜೇಬಿಗೆ ಹಾಕಿದರು. ಒಗೆಯುವಾಗ ಕಿತ್ತುಬಂದು, ಯಾವ ಮನೆಯವೆಂದು ತಿಳಿಯದೆ ಉಳಿದ ಗುಂಡಿಗಳ ಗಾಜಿನ ಭರಣಿಯೊಂದು ಅಲ್ಲಿತ್ತು. ಅದರಿಂದ ಎತ್ತಿಕೊಂಡವು. ಒಂದು ಕೆಂಪು, ಒಂದು ಚಿಪ್ಪಿನದು, ಒಂದು ಮಗುವಿನ ಸ್ವೆಟರಿನ ಬಾತುಕೋಳಿ ಗುಂಡಿ.

"ಮೇಸ್ತ್ರಿಗಳೇ, ತಪ್ಪು ನಂದು" ಎಂದಳು ಗುರುತಮ್ಮ. ಪೀಠಿಕೆ ಹಾಕುವ ಶಕ್ತಿ ಇರಲಿಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಮೇಸ್ತ್ರಿ ಕೇಳಿಸಿಕೊಂಡರು. ಹಂಚಿಕೊಂಡ ತುಂಡು, ಉಳಿದ ಗುರುತು, ಇವೆಲ್ಲ ಆಮೇಲೆ. ಅವರಿಗೆ ಬೇಕಾದ್ದು ಒಂದೇ.

"ಅಂದ್ರೆ ನಾನು ಎಣಿಸಿದ್ದೆ?"

"ಐದು ಸಲವೂ ಎಣಿಸಿದ್ರಿ. ಐದು ಸಲವೂ ಸರಿಯಾಗೇ ಒತ್ತಿದ್ರಿ."

ಅವರು ಟವೆಲಿನ ಮೂಟೆಯ ಮೇಲೆ ಕೂತರು. ಹೋಟೆಲಿನ ಟವೆಲೊಂದನ್ನು ಎತ್ತಿ ಮುಖಕ್ಕೆ ಒತ್ತಿಕೊಂಡರು. ಟವೆಲು ಇಳಿದಾಗ ಮುಖದಲ್ಲಿ ಎಂಥ ನಗು! ಹತ್ತು ವರ್ಷ ಚಿಕ್ಕವರಾದ ಹಾಗೆ ಕಂಡರು.

"ನನಗೆ ನನ್ನ ಮೊಮ್ಮಗಳ ವಯಸ್ಸು ಕೇಳಿದ್ರೂ ಹೇಳೋಕೆ ಭಯ ಆಗ್ತಿತ್ತು ಕಣಮ್ಮ. ತಪ್ಪಿಬಿಟ್ರೆ ಅಂತ" ಎಂದರು. ಆಮೇಲೆ ಅವಳ ಸಪ್ಪೆ ಮುಖ ನೋಡಿ, "ಸರಿ, ಈಗ ಹೇಗೆ ಸರಿ ಮಾಡ್ತೀಯ?" ಎಂದರು.

ಅದೇ ಅವಳ ಕಗ್ಗಂಟು. ತುಂಡುಗಳನ್ನು ಬೇರೆ ಮಾಡಿದರೆ ಪೆಟ್ಟಿಗೆಯಲ್ಲಿ ಜಾಗ ಇಲ್ಲ. ಹಂಚಿಕೊಂಡೇ ಇದ್ದರೆ ಗುರುತು ಒಂದೇ. ಎರಡೂ ಗುರುತು ಬರೆದರೆ ಪರದೆ "ನಲವತ್ತೊಂದೋ ಇನ್ನೂರ ಹನ್ನೆರಡೋ" ಎಂದು ಇಬ್ಬರ ಮೇಲೂ ಗೂಬೆ ಕೂರಿಸುತ್ತದೆ.

ಮೇಸ್ತ್ರಿ ಕಿವಿಯ ಹಿಂದಿನ ಪೆನ್ನು ತೆಗೆದು ಅದರಿಂದಲೇ ತಲೆ ಕೆರೆದುಕೊಂಡರು. ಗೋಡೆಯ ಮೊಳೆಯಲ್ಲಿ ಜಾಲರಿ ಚೀಲಗಳು ನೇತಾಡುತ್ತಿದ್ದವು. ಒಬ್ಬೊಬ್ಬ ಗಿರಾಕಿಯ ಸಣ್ಣ ಬಟ್ಟೆಗಳನ್ನು ಒಂದೊಂದು ಚೀಲಕ್ಕೆ ಹಾಕಿ, ಚೀಲದ ಬಾಯಿಗೆ ಚೀಟಿ ಕಟ್ಟಿ, ಎಲ್ಲವನ್ನೂ ಒಟ್ಟಿಗೆ ನೀರಿಗೆ ಬಿಡುತ್ತಾರೆ.

"ಇದನ್ನ ನೋಡು. ನೀರು ಎಲ್ಲರಿಗೂ ಒಂದೇ. ಸೋಪೂ ಒಂದೇ. ನಾವು ನೀರಿಗೆ ಚೀಟಿ ಕಟ್ಟುತ್ತೀವಾ? ನೀರಿಗೆ ಬರೋ ಚೀಲಕ್ಕೆ ಕಟ್ಟುತ್ತೀವಿ. ನೀನು ನೀರಿಗೆ ಗುರುತು ಹಾಕಿದ್ದೀಯಲ್ಲ ಗುರುತಮ್ಮಾ! ಗುರುತು ಹಾಕಬೇಕಾದ್ದು ಬಟ್ಟೆಗೆ."

ಗುರುತಮ್ಮ ಎದ್ದು ನಿಂತಳು. ಮತ್ತೆ ಕೂತಳು. ಹಂಚಿಕೊಂಡ ತುಂಡಿಗೆ ಗುರುತೇ ಬೇಡ. ಅಲ್ಲಿಗೆ ಹೋಗಿ ಬಾ ಎಂದು ಕಳಿಸುವ ಆಜ್ಞೆ ಪ್ರತಿ ನಿಯಮಕ್ಕೂ ಬೇರೆ ಬೇರೆ ಇರುತ್ತದೆ. ಅದರ ಬೆನ್ನಿಗೆ ಅವರವರ ಸಾಲು. ತುಂಡಿನೊಳಗೆ ತಪ್ಪಾದರೆ, ಯಂತ್ರ ಒಂದು ಹೆಜ್ಜೆ ಹಿಂದೆ ತಿರುಗಿ, ಇಲ್ಲಿಗೆ ಕಳಿಸಿದವರು ಯಾರು ಎಂದು ನೋಡಬೇಕು. ಇಷ್ಟೇ. ಇಷ್ಟು ಸಣ್ಣದು ತನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು, ನಗುವೂ ಬಂತು. ಆರು ವರ್ಷದ ಹಿಂದೆ ಇವರ ಹತ್ತಿರ ಅರ್ಧ ಪಾಠ ಕಲಿತು ಓಡಿಹೋಗಿದ್ದಳು. ಉಳಿದರ್ಧ ಮೊಳೆಯ ಮೇಲೆ ನೇತಾಡುತ್ತಲೇ ಇತ್ತು.

"ಯಜಮಾನಿಗೆ ಈಗಲೇ ಹೇಳಿಬಿಡ್ಲಾ?"

"ಬೇಡ. ಬಾಯಿಮಾತಲ್ಲಿ ಹೇಳಿದ್ರೆ ಮುದುಕನ ಪರ ವಹಿಸಿ ಬಂದಳು ಅಂತಾರೆ. ನಾಳೆ ಶುಕ್ರವಾರ. ಮೂಟೆ ಬರುತ್ತೆ. ಯಂತ್ರವೇ ಹೇಳಲಿ."

ಕಾರ್ಖಾನೆಯ ಯಜಮಾನಿ ಕೆಟ್ಟವರಲ್ಲ. ಸದಾ ಅವಸರದ ಹೆಂಗಸು, ಎಲ್ಲವನ್ನೂ ಎಡ ಅಂಗೈ ಮೇಲೆ ಬರೆದುಕೊಂಡು, ನೀರಿನ ಜಾಗದಲ್ಲಿ ಓಡಾಡಿ ಅಳಿಸಿಕೊಂಡು, ಆಮೇಲೆ ಅಂಗೈ ನೋಡಿ ಬೈದುಕೊಳ್ಳುವವರು. ಮೇಸ್ತ್ರಿಯನ್ನು ತೆಗೆಯುವ ಮನಸ್ಸು ಅವರಿಗಿರಲಿಲ್ಲ. ಮಡಿಸುವ ಮೇಜು ಫ್ಯಾನಿನ ಕೆಳಗಿದೆ, ಕೂತು ಮಾಡುವ ಕೆಲಸ, ವಯಸ್ಸಾದವರಿಗೆ ಹಿತ ಎಂದು ನಿಜವಾಗಿಯೂ ನಂಬಿದ್ದರು. ಪಟ್ಟಿಯನ್ನು ಕಿತ್ತುಕೊಂಡರೆ ಮೇಸ್ತ್ರಿಗೆ ಫ್ಯಾನಿನ ಗಾಳಿಯೂ ಬಿಸಿಯೇ ಎಂದು ಅವರಿಗೆ ಹೊಳೆದಿರಲಿಲ್ಲ ಅಷ್ಟೇ.

ಶುಕ್ರವಾರ ಹತ್ತು ಗಂಟೆಗೆ ಎಲ್ಲರೂ ಮೂರನೆಯ ಯಂತ್ರದ ಮುಂದೆ ಸೇರಿದರು. ಗುರುತಮ್ಮ ಹೊಸ ಬೈಟ್‌ಕೋಡನ್ನು ಅದಕ್ಕೆ ತುಂಬಿಸಿ ಆಗಿತ್ತು. ಗಂಡ ವ್ಯಾಯಾಮಶಾಲೆಯ ಮೂಟೆಯನ್ನು ಹೆಗಲ ಮೇಲೆ ಹೊತ್ತು ತಂದು ಧೊಪ್ಪನೆ ಇಳಿಸಿ, ಎಂದಿನಂತೆ ಎಣಿಸದೆಯೇ ಯಂತ್ರಕ್ಕೆ ತುಂಬಿದ. ಮೇಸ್ತ್ರಿ ಯಜಮಾನಿಯ ಎದುರಿಗೇ ಹೋಟೆಲಿನ ಟವೆಲು ಎಣಿಸಿದರು. ಈ ಸಲ ತುಟಿಯಲ್ಲಲ್ಲ, ಹಳೆಯ ಗಂಟಲಿನಲ್ಲಿ. ತೊಂಬತ್ತಾರು. ಅವನ್ನೂ ತುಂಬಿ ಎಣಿಕೆ ಒತ್ತಿದರು. "ನೋಡಿಕೊಳ್ಳಿ ಅಮ್ಮಾವ್ರೇ, ತೊಂಬತ್ತಾರು." ಯಜಮಾನಿ ಅಭ್ಯಾಸಬಲದಿಂದ ಅಂಗೈ ಮೇಲೆ ಬರೆದುಕೊಂಡರು.

ಯಂತ್ರ ಗುರ್ ಎಂದು ಶುರುವಾಯಿತು. ನೀರು ತುಂಬಿತು, ನೊರೆ ಎದ್ದಿತು. ಯಂತ್ರ ಕೆಡಲಿ ಎಂದು ಮೂರು ಜನ ಉಸಿರು ಬಿಗಿಹಿಡಿದು ಕಾಯುವುದನ್ನು ಆ ಕಾರ್ಖಾನೆ ಎಂದೂ ಕಂಡಿರಲಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಅದು ಗಕ್ಕನೆ ನಿಂತಿತು. ಗುರುತಮ್ಮ "ಅಬ್ಬಾ!" ಎಂದುಬಿಟ್ಟಳು.

ಪರದೆ ಬೆಳಗಿತು. ಯಜಮಾನಿ ಮುಂದೆ ಬಾಗಿ ಗಟ್ಟಿಯಾಗಿ ಓದಿದರು. "ಸಾಲು 212. ಬಟ್ಟೆಯ ಎಣಿಕೆ ಸೊನ್ನೆ. ನಿಯಮ ಬರೆದವರು..."

ನಿಂತರು. ಕಣ್ಣು ಹತ್ತಿರ ಒಯ್ದರು.

"ನಿಯಮ ಬರೆದವರು: ಯಜಮಾನಿ."

ಗಂಡ ಸೂರು ನೋಡುತ್ತ ನಿಂತ. ಯಜಮಾನಿಯ ಮುಖ ಕೆಂಪಾಯಿತು, ಕಿವಿ ಕೆಂಪಾಯಿತು. ವ್ಯಾಯಾಮಶಾಲೆಯವರು ಬಂದ ದಿನ ಮೇಸ್ತ್ರಿ ರಜೆಯಲ್ಲಿದ್ದದ್ದು, ಅವಸರದಲ್ಲಿ ತಾವೇ ನಲವತ್ತೊಂದನ್ನು ನಕಲು ಮಾಡಿದ್ದು, ಎಣಿಸಿ ತರಿಸುವ ವಿಷಯವನ್ನು ಅಂಗೈ ಮೇಲೆ ಬರೆದುಕೊಂಡದ್ದು, ಎಲ್ಲ ಒಂದೊಂದಾಗಿ ಅವರ ಮುಖದ ಮೇಲೆ ಹಾದುಹೋಯಿತು. ಅಂಗೈ ತಿರುಗಿಸಿ ನೋಡಿಕೊಂಡರು. ಆಗಲೇ ತೊಂಬತ್ತಾರರ ಆರು ಅರ್ಧ ಅಳಿಸಿತ್ತು. ಅದನ್ನು ನೋಡಿದ್ದೇ ತಡ, ಹೊಟ್ಟೆಯಿಂದ ನಗು ಕಿತ್ತುಕೊಂಡು ಬಂತು. ಗೋಡೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡು ಮೇಸ್ತ್ರಿಯ ಎರಡೂ ಕೈ ಹಿಡಿದರು.

"ಮರೆವು ಬಂದದ್ದು ನನಗೆ ಮೇಸ್ತ್ರಿಗಳೇ. ಮಡಿಸೋ ಮೇಜಿಗೆ ನಾನು ಹೋಗ್ತೀನಿ. ತಪ್ಪಾಯ್ತು, ಕ್ಷಮಿಸಿಬಿಡಿ."

"ನಂದೂ ತಪ್ಪು" ಎಂದಳು ಗುರುತಮ್ಮ. ನಡೆದದ್ದನ್ನೆಲ್ಲ ಬಿಚ್ಚಿ ಹೇಳಿ, "ನಿಮ್ಮ ಸಾಲನ್ನ ನಾನೇ ಅವರ ಬೆನ್ನಿಗೆ ಕಟ್ಟಿದ್ದೆ" ಎಂದಳು.

ಮೇಸ್ತ್ರಿ ಜೇಬಿಗೆ ಕೈ ಹಾಕಿ ಗುಂಡಿಗಳನ್ನೆಲ್ಲ ಹಿಡಿಯಾಗಿ ತೆಗೆದರು. ಯಜಮಾನಿಯ ಅಂಗೈಗೆ ಸುರಿದು ಬೆರಳು ಮುಚ್ಚಿಸಿದರು.

"ವ್ಯಾಯಾಮಶಾಲೆ ಟವೆಲು ಹೊರಗೆ ತೆಗೆದು ಎಣಿಸಿ ಅಮ್ಮಾವ್ರೇ. ಹತ್ತಕ್ಕೊಂದು ಗುಂಡಿ. ಇವು ನೀರಲ್ಲಿ ಅಳಿಸಲ್ಲ."

ಯಜಮಾನಿ ಸೆರಗು ಸಿಕ್ಕಿಸಿ ಕೂತರು. ಎಣಿಸಿದರು, ಎಪ್ಪತ್ತರ ಹತ್ತಿರ ತಪ್ಪಿ ಮೊದಲಿಂದ ಎಣಿಸಿದರು. ನೂರ ಹದಿನಾಲ್ಕು. ಮತ್ತೆ ತುಂಬಿ ಎಣಿಕೆ ಒತ್ತಿದ ಮೇಲೆ ಯಂತ್ರ ತೃಪ್ತಿಯಿಂದ ಕೆಲಸಕ್ಕೆ ಇಳಿಯಿತು. ಅಂದು ಮಧ್ಯಾಹ್ನ ಅದರ ಮುಂದೆಯೇ ಎಲ್ಲರಿಗೂ ಚಹಾ. ಕೊಡಿಸಿದ್ದು ಯಜಮಾನಿ. ಗಂಡ ಎರಡು ಲೋಟ ಕುಡಿದು, ಮಂಗಳವಾರ ಶುಕ್ರವಾರದ ಸುಳಿವು ಕೊಟ್ಟವನು ತಾನು ಎಂದು ಕನಿಷ್ಠ ಆರು ಸಲ ಹೇಳಿದ.

ಎಲ್ಲರೂ ಮರೆತರೂ ಗುರುತಮ್ಮನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಪರದೆ ಮೇಸ್ತ್ರಿಯ ಹೆಸರು ಹೇಳಬಲ್ಲದು, ಯಜಮಾನಿಯ ಹೆಸರೂ ಹೇಳಬಲ್ಲದು. ಅವಳ ಹೆಸರನ್ನು ಮಾತ್ರ ಯಾವತ್ತೂ ಹೇಳದು. ಯಾವ ನಿಯಮದಿಂದಲೂ ಹುಟ್ಟದೆ, ಅವಳ ಪ್ರೋಗ್ರಾಮೇ ತನ್ನ ಅನುಕೂಲಕ್ಕೆ ನಡುನಡುವೆ ಸೇರಿಸುವ ಆಜ್ಞೆಗಳೂ ಇದ್ದವು. ಅವುಗಳಲ್ಲಿ ತಪ್ಪಾದರೆ ಪಕ್ಕದ ಸಾಲಿನ ಮೇಲೆ ಹೋಗುತ್ತಿತ್ತು. ಅಂದರೆ ತನ್ನ ಬಟ್ಟೆಯೊಂದನ್ನು ಬಿಟ್ಟು ಊರಿನ ಬಟ್ಟೆಗೆಲ್ಲ ಗುರುತು ಹಾಕಿದ್ದಳು. ಸೋಮವಾರ ಕೂತು ಅವೆಲ್ಲದರ ಬೆನ್ನಿಗೂ ಒಂದು ಹೊಸ ಗುರುತು ಹಾಕಿದಳು. ಯಾರಿಗೂ ಹೇಳಲಿಲ್ಲ.

ಮೂರು ವಾರದ ಮೇಲೆ ಒಂದು ಬೆಳಗ್ಗೆ ಹನ್ನೊಂದಕ್ಕೆ ಫೋನು ಬಂತು. ಮೇಸ್ತ್ರಿ.

"ಗುರುತಮ್ಮಾ, ಐದನೇ ಯಂತ್ರ ನಿಂತಿದೆ. ಪರದೆ ಓದ್ತೀನಿ ಕೇಳು." ಅವರ ದನಿಯಲ್ಲಿ ನಗು ಕುದಿಯುತ್ತಿತ್ತು. ಹಿಂದೆ ಯಜಮಾನಿಯ ನಗೆಯೂ ಕೇಳುತ್ತಿತ್ತು. "'ನಿಯಮಗಳಲ್ಲಿ ದೋಷವಿಲ್ಲ. ತಪ್ಪು ಗುರುತಮ್ಮನದು.' ಹಾಗಂತ ಬರೆದಿದೆಯಮ್ಮ. ನಾನೇನೂ ಮಾಡಿಲ್ಲ!"

"ಇನ್ನೊಂದ್ಸಲ ಓದಿ ಮೇಸ್ತ್ರಿಗಳೇ."

ಮೇಸ್ತ್ರಿ ಇನ್ನೊಂದು ಸಲ ಓದಿದರು, ಟವೆಲು ಎಣಿಸುವ ಗಂಟಲಿನಲ್ಲಿ, ಇಡೀ ಕಾರ್ಖಾನೆಗೆ ಕೇಳುವ ಹಾಗೆ.

ಗುರುತಮ್ಮ ಚೀಲ ಎತ್ತಿಕೊಂಡು ಎರಡೆರಡು ಮೆಟ್ಟಿಲು ಹಾರುತ್ತ ಕೆಳಗಿಳಿದಳು. ಚಪ್ಪಲಿ ಅಂಗಡಿಯವರು ಬಾಯಲ್ಲಿದ್ದ ಮೊಳೆ ತೆಗೆದು ಕೇಳಿದರು.

"ಏನಮ್ಮಾ ಇಷ್ಟು ಖುಷಿ? ಬಡ್ತಿ ಬಂತಾ?"

"ಇಲ್ಲ ಅಣ್ಣಾ, ತಪ್ಪು ನನ್ನದಂತೆ!" ಎಂದವಳೇ ಬಸ್ಸಿಗೆ ಓಡಿದಳು.